ಹಳೆಯ ಕಂಪ್ಯೂಟರಿಗೆ ಹೊಸ ವ್ಯವಸ್ಥೆ: ಅದರ ಮುಂದೆ ಕೂರುವವರನ್ನೂ ಕೇಳಬೇಕು

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕಾಗಿರುವುದರಿಂದ, ಎಂಟು ಹತ್ತು ವರ್ಷಗಳಷ್ಟು ಹಳೆಯದಾದ ಹೆಚ್ಚಿನ ಕಂಪ್ಯೂಟರುಗಳು, ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಅಧಿಕೃತವಾಗಿ ಅದಕ್ಕೆ ಅರ್ಹವಾಗುವುದಿಲ್ಲ. ಹೊಸ ಯಂತ್ರ ಕೊಳ್ಳುವ ಶಕ್ತಿ ಇಲ್ಲದ ಅನುದಾನಿತ ಶಾಲೆಗಳು, ಸಣ್ಣ ಸಹಕಾರ ಸಂಘಗಳು, ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿಗಳು ಇದೇ ಕಾರಣಕ್ಕೆ ತಮ್ಮ ಹಳೆಯ ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಸಿಕೊಳ್ಳುತ್ತಿವೆ. ಖರ್ಚಿಲ್ಲದ, ವೈರಸ್ ಕಾಟ ಕಡಿಮೆಯಿರುವ, ಹಳೆಯ ಯಂತ್ರದಲ್ಲೂ ಚುರುಕಾಗಿ ನಡೆಯುವ ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಚೆನ್ನಾಗಿ ಕೆಲಸ ಮಾಡುವ ಕಂಪ್ಯೂಟರನ್ನು ಗುಜರಿಗೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ ಬದಲಾವಣೆ ನಡೆಯುತ್ತಿರುವ ರೀತಿಯಲ್ಲಿ, ದಿನವಿಡೀ ಆ ಯಂತ್ರದ ಮುಂದೆ ಕುಳಿತು ದುಡಿಯುವವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಅವರು ಪಡುತ್ತಿರುವ ಪಾಡನ್ನು ಕುರಿತು ಬರೆಯಬೇಕೆನಿಸಿ ಈ ಪತ್ರ.

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನಾನು ಈಗ ಒಂದು ಅನುದಾನಿತ ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಅಲ್ಲಿಯ ಕಚೇರಿಯ ಗುಮಾಸ್ತೆ ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿಸಿಕೊಂಡವರು. ಸ್ಕ್ರಾಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್, ಒತ್ತಕ್ಷರ ಬೇಕಾದ ಕಡೆ ನಡುವೆ ಒಂದು ಎಫ್; ಕೀಲಿಮಣೆಯತ್ತ ಕಣ್ಣು ಹಾಯಿಸದೆಯೇ ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಸಭೆಯ ನಡಾವಳಿ ಎಲ್ಲವನ್ನೂ ಅವರು ಬೆರಳಚ್ಚಿಸುತ್ತಿದ್ದರು. ಹೊಸ ವ್ಯವಸ್ಥೆ ಹಾಕಲು ಬಂದ ಯುವಕ, ಭಾಷೆಗಳ ಪಟ್ಟಿಯಲ್ಲಿ 'ಕನ್ನಡ' ಎಂದು ಮೊದಲು ಕಂಡದ್ದನ್ನು ಆರಿಸಿ, "ಇದೂ ವಿಂಡೋಸ್ ಥರಾನೇ ಮೇಡಂ, ಏನೂ ವ್ಯತ್ಯಾಸ ಇಲ್ಲ" ಎಂದು ಹೇಳಿ ಹೋದ. ಅವನು ಆರಿಸಿದ್ದು ಇನ್‌ಸ್ಕ್ರಿಪ್ಟ್ ಎಂಬ ಬೇರೊಂದು ಕೀಲಿಮಣೆ ವಿನ್ಯಾಸ. ನುಡಿಯಲ್ಲಿ ಒತ್ತು ಕೊಡುವ ಎಫ್ ಕೀಲಿ ಅದರಲ್ಲಿ ಗುಡಿಸು ಕೊಡುತ್ತದೆ. ಚ ಬರುವ ಕಡೆ ಮ, ಣ ಬರುವ ಕಡೆ ಳ ಬರುತ್ತದೆ. ಆಕೆ ಅಭ್ಯಾಸಬಲದಿಂದ 'ಚಿಕ್ಕಣ್ಣ' ಎಂದು ಒತ್ತಿದಾಗ ತೆರೆಯ ಮೇಲೆ ಮೂಡಿದ್ದು 'ಮಗಕಿಕಳಿಳ'. ಪೋಷಕರು ಎದುರಿಗೆ ನಿಂತಿದ್ದಾರೆ, ಮಗುವನ್ನು ಬೇರೆ ಶಾಲೆಗೆ ಸೇರಿಸಲು ಅಂದೇ ವರ್ಗಾವಣೆ ಪತ್ರ ಬೇಕಾಗಿದೆ, ಮತ್ತು ಇಡೀ ಕಚೇರಿಯಲ್ಲಿ ಅತ್ಯಂತ ವೇಗವಾಗಿ ಕನ್ನಡ ಬೆರಳಚ್ಚಿಸಬಲ್ಲ ವ್ಯಕ್ತಿಗೆ ಒಂದು ಹೆಸರು ಬರೆಯಲಾಗುತ್ತಿಲ್ಲ. ಕೊನೆಗೆ ಆಕೆ ಅದನ್ನು ಕೈಯಲ್ಲೇ ಬರೆದುಕೊಟ್ಟರು.

ನನಗೆ ಹೆಚ್ಚು ಬೇಸರ ತಂದ ಸಂಗತಿ ಮುಂದಿನದು. ಆಕೆಗೆ ಬೇಕಾಗಿದ್ದ ಕೀಲಿಮಣೆ ಅದೇ ಯಂತ್ರದೊಳಗೆ, ಅದೇ ಪಟ್ಟಿಯಲ್ಲಿ, ಆರಿಸಿದ ಹೆಸರಿನ ಪಕ್ಕದಲ್ಲೇ ಇತ್ತು. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ನುಡಿಯ ಮೂಲಕ ನಾಡಿನ ಕಚೇರಿಗಳಿಗೆ ಮುಟ್ಟಿಸಿದ ಆ ವಿನ್ಯಾಸ, ಪರಿಷತ್ತಿನ ಹೆಸರಿನ ಮೊದಲಕ್ಷರಗಳಾದ 'ಕಗಪ' ಎಂಬ ಹೆಸರಿನಲ್ಲೇ ಇಂದಿನ ಪ್ರಮುಖ ಲಿನಕ್ಸ್ ಆವೃತ್ತಿಗಳ ಜೊತೆ ಬರುತ್ತದೆ. ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಹೆಸರಿನ ವಿನ್ಯಾಸಗಳು ಅಲ್ಲಿವೆ. ಕನ್ನಡಿಗರ ದುಡಿಮೆ ಜಗತ್ತಿನಾದ್ಯಂತ ಹೀಗೆ ಹರಡಿರುವಾಗ, ಅದನ್ನು ಆರಿಸಿ, ಭಾಷೆ ಬದಲಿಸಲು ಇಲ್ಲಿ ಸ್ಕ್ರಾಲ್ ಲಾಕ್ ಬದಲು ಯಾವ ಕೀಲಿ ಒತ್ತಬೇಕೆಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ವಾರಗಟ್ಟಲೆ ಒದ್ದಾಟವಾಯಿತು. ಹೊಸ ವ್ಯವಸ್ಥೆ ಹಾಕುವವನು ಹೊರಡುವ ಮುನ್ನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, "ಒಂದು ಪತ್ರ ಬೆರಳಚ್ಚಿಸಿ ತೋರಿಸಿ" ಎಂದಿದ್ದರೆ ದೋಷ ಅಲ್ಲೇ ಗೊತ್ತಾಗುತ್ತಿತ್ತು.

ಹಳೆಯ ಕಡತಗಳ ಸಮಸ್ಯೆ ಇದಕ್ಕಿಂತ ಗಂಭೀರ. ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ, ಮತ್ತು ಅನೇಕ ಕಡೆ ಬಂದ ಮೇಲೂ, ನಮ್ಮ ಕಚೇರಿಗಳಲ್ಲಿ ಕನ್ನಡವನ್ನು ಉಳಿಸಿಟ್ಟದ್ದು ಇಂಗ್ಲಿಷ್ ಮತ್ತಿತರ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಲ್ಲಿ. ನುಡಿ ಅಥವಾ 'ಬರಹ' ತಂತ್ರಾಂಶದ ಫಾಂಟ್ ಯಂತ್ರದಲ್ಲಿದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಹೊಸ ವ್ಯವಸ್ಥೆಯಲ್ಲಿ ಆ ಫಾಂಟುಗಳಿಲ್ಲದಿದ್ದಾಗ ಹತ್ತು ಹದಿನೈದು ವರ್ಷಗಳ ನಡಾವಳಿ, ಠರಾವು, ದಾಖಲಾತಿ ಪಟ್ಟಿಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತವೆ. ತಂತ್ರಜ್ಞಾನ ತಿಳಿಯದವರು ಇದನ್ನು ನೋಡಿ ಕಡತವೇ ಕೆಟ್ಟುಹೋಗಿದೆ ಎಂದು ಭಾವಿಸುವುದು ತೀರ ಸಹಜ. ಹಾಗೆ ಭಾವಿಸಿ ಅಳಿಸಿಬಿಟ್ಟರೆ ಅದು ಮರಳಿ ಬಾರದ ನಷ್ಟ. ಕಡತ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಓದಬಹುದು, ಉಚಿತವಾಗಿ ಸಿಗುವ ಪರಿವರ್ತಕಗಳಿಂದ ಅದನ್ನು ಯೂನಿಕೋಡಿಗೆ ಬದಲಿಸಿ ಶಾಶ್ವತವಾಗಿ ಕಾಪಾಡಬಹುದು ಎಂಬ ಮಾತನ್ನು ಅವರಿಗೆ ಹೇಳುವವರು ಬೇಕು. ಪರಿವರ್ತನೆಯಾದ ಮೇಲೂ ಅರ್ಕಾವತ್ತು, ಅಂಕಿಗಳು, ಕೋಷ್ಟಕಗಳು ಸರಿಯಾಗಿ ಬಂದಿವೆಯೇ ಎಂದು ಮೂಲದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಇದು ಬೇಸರದ, ನಿಧಾನದ ಕೆಲಸ. ಕಚೇರಿಯ ದಿನನಿತ್ಯದ ಹೊರೆಯ ನಡುವೆ ಒಬ್ಬ ಗುಮಾಸ್ತೆಯ ತಲೆಗೆ ಇದನ್ನೂ ಕಟ್ಟುವುದು ನ್ಯಾಯವಲ್ಲ.

ನಮ್ಮ ಕಡೆಯ ಒಂದು ಸಣ್ಣ ಸಹಕಾರ ಸಂಘದ ಕಾರ್ಯದರ್ಶಿಯವರು ಹೇಳಿದ ಅನುಭವವನ್ನೂ ಇಲ್ಲಿ ಹೇಳಬೇಕು. ಅವರು ಲೆಕ್ಕಪತ್ರದ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ನಕಲಾಯಿತೆಂದು ಪರದೆ ತೋರಿಸಿದ ಕೂಡಲೇ ಎಂದಿನಂತೆ ಅದನ್ನು ಕಿತ್ತುಕೊಂಡು ಲೆಕ್ಕಪರಿಶೋಧಕರ ಬಳಿಗೆ ಹೋದರು. ಅಲ್ಲಿ ತೆರೆದರೆ ಕಡತದ ಹೆಸರಿದೆ, ಒಳಗೆ ಏನೂ ಇಲ್ಲ. ತಾವೇ ಏನೋ ತಪ್ಪು ಮಾಡಿದೆವೆಂದು ಆ ಹಿರಿಯರು ಈಗಲೂ ನಂಬಿದ್ದಾರೆ. ವಾಸ್ತವವಾಗಿ, 2018ರ ಕೊನೆಯ ಹೊತ್ತಿಗೆ ಬಂದ ಪರಿಷ್ಕರಣೆಯಿಂದಾಚೆಗೆ ವಿಂಡೋಸ್ 10, ಪೆನ್‌ಡ್ರೈವನ್ನು ಹಾಗೆಯೇ ತೆಗೆದರೂ ಸಾಮಾನ್ಯವಾಗಿ ತೊಂದರೆಯಾಗದಂತೆ, ಬರೆಯಬೇಕಾದ್ದನ್ನು ಆಗಿಂದಾಗಲೇ ಬರೆದು ಮುಗಿಸುವ ಕ್ರಮವನ್ನು ಅನುಸರಿಸುತ್ತದೆ. ಲಿನಕ್ಸ್ ಬಹುಮಟ್ಟಿಗೆ ಹಾಗೆ ಮಾಡುವುದಿಲ್ಲ. ಕೆಲಸ ಬೇಗ ಸಾಗಲೆಂದು ಮಾಹಿತಿಯನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಬಿಡುವಾದಾಗ ಪೆನ್‌ಡ್ರೈವಿಗೆ ಬರೆಯುತ್ತದೆ. ಆದ್ದರಿಂದ ಇಲ್ಲಿ 'ಇಜೆಕ್ಟ್' ಗುರುತನ್ನು ಒತ್ತಿ, ಇನ್ನು ತೆಗೆಯಬಹುದು ಎಂಬ ಸೂಚನೆ ಬಂದ ಮೇಲೆಯೇ ತೆಗೆಯಬೇಕು. ಎರಡು ಕ್ರಮಗಳಿಗೂ ಅವುಗಳದೇ ಆದ ಕಾರಣವಿದೆ. ಒಂದರಲ್ಲಿ ವರ್ಷಗಟ್ಟಲೆ ನಿರಪಾಯವಾಗಿದ್ದ ಅಭ್ಯಾಸ ಇನ್ನೊಂದರಲ್ಲಿ ಕಡತವನ್ನೇ ಕಳೆಯಬಲ್ಲದು ಎಂದು ಒಂದು ವಾಕ್ಯದಲ್ಲಿ ಎಚ್ಚರಿಸಿದ್ದರೆ ಅವರಿಗೆ ಈ ಅವಮಾನ ಆಗುತ್ತಿರಲಿಲ್ಲ.

ದಾಖಲೆಗಳನ್ನು ಉಳಿಸುವಾಗ ಎದುರಾಗುವ ತೊಡಕೂ ಇಂಥದ್ದೇ. ಲಿನಕ್ಸ್‌ನಲ್ಲಿ ವರ್ಡ್ ಮುಂತಾದವುಗಳ ಬದಲು ಬಳಸುವ ಲಿಬ್ರೆ ಆಫೀಸ್ ಬಹಳ ಸಮರ್ಥ ತಂತ್ರಾಂಶ. ಪತ್ರ, ಲೆಕ್ಕ, ಪ್ರದರ್ಶಿಕೆ ಯಾವುದಕ್ಕೂ ಅದು ಸಾಲದೆನ್ನುವಂತಿಲ್ಲ. ಆದರೆ ವರ್ಡ್ ಕಡತವನ್ನು ತಿದ್ದಿ ಉಳಿಸಲು ಹೋದಾಗ, ಇದ್ದ ಮಾದರಿಯಲ್ಲೇ ಉಳಿಸಲೋ ಅಥವಾ ತನ್ನ ಓಡಿಎಫ್ ಮಾದರಿಯಲ್ಲಿ ಉಳಿಸಲೋ ಎಂದು ಅದು ಕೇಳುತ್ತದೆ, ಅದೂ ನಮ್ಮಲ್ಲಿನ ಹೆಚ್ಚಿನ ಯಂತ್ರಗಳಲ್ಲಿ ಇಂಗ್ಲಿಷಿನಲ್ಲಿ. ಅರ್ಥವಾಗದೆ ಓಡಿಎಫ್ ಗುಂಡಿಯನ್ನು ಒತ್ತಿ ಮುಂದೆ ಹೋದವರು ಕಳಿಸಿದ ಕಡತ ಕೆಲವೊಮ್ಮೆ ಮೇಲಿನ ಕಚೇರಿಯಲ್ಲಿ ತೆರೆಯುವುದಿಲ್ಲ, ಅಥವಾ ತೆರೆದರೂ ಸಾಲುಗಳು ಪಲ್ಲಟವಾಗಿರುತ್ತವೆ. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟುಗಳಲ್ಲಿ ಸಿದ್ಧವಾದ ಅರ್ಜಿ ನಮೂನೆಯನ್ನು ಲಿನಕ್ಸ್‌ನಲ್ಲಿ ತೆರೆದಾಗ ಆ ಜಾಗಕ್ಕೆ ಲೋಹಿತ್ ಅಥವಾ ನೋಟೊ ಫಾಂಟು ಬಂದು ಕೂರುತ್ತದೆ. ಅಕ್ಷರಗಳ ಅಗಲ ಬೇರೆಯಾದ್ದರಿಂದ ಒಂದು ಪುಟದ ನಮೂನೆ ಎರಡು ಪುಟಕ್ಕೆ ಹರಿದು, ಸಹಿಯ ಜಾಗ ಮಾತ್ರ ಎರಡನೆಯ ಹಾಳೆಯಲ್ಲಿ ಅನಾಥವಾಗಿ ಉಳಿಯುತ್ತದೆ. ಸ್ವೀಕರಿಸುವ ಕಚೇರಿ "ನಮೂನೆ ತಿದ್ದಿದ್ದೀರಿ" ಎಂದು ತಿರಸ್ಕರಿಸುತ್ತದೆ. ಬರೆದವರಿಗೆ ತಾವು ಏನನ್ನೂ ತಿದ್ದಿಲ್ಲವೆಂದು ಗೊತ್ತು, ಆದರೆ ಅದನ್ನು ಸಾಬೀತು ಮಾಡುವ ಭಾಷೆ ಅವರ ಬಳಿ ಇಲ್ಲ. ಮುದ್ರಕಗಳ ವಿಷಯವನ್ನು ವಿವರಿಸಲು ಹೋಗುವುದಿಲ್ಲ; ಹಳೆಯ ಲೇಸರ್ ಮುದ್ರಕಗಳಲ್ಲಿ ಕೆಲವು ಹೊಸ ವ್ಯವಸ್ಥೆಯ ಜೊತೆ ಹೊಂದಿಕೊಳ್ಳುವುದೇ ಇಲ್ಲ ಎಂಬುದನ್ನು ಈ ಕೆಲಸ ಮಾಡಿದವರೆಲ್ಲ ಬಲ್ಲರು.

ಇಂಥ ಪ್ರಸಂಗಗಳಲ್ಲಿ ಕೇಳಿಬರುವ ಮಾತೆಂದರೆ, "ಇವರಿಗೆ ಕಲಿಯುವ ಮನಸ್ಸಿಲ್ಲ." ಇದು ಅನ್ಯಾಯದ ಮಾತು. ಇದೇ ಜನ ಫೋನಿನಲ್ಲಿ ಹಣ ಕಳಿಸುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಕನ್ನಡದಲ್ಲಿ ಹರಟುತ್ತಾರೆ, ಅಡಿಕೆ ಧಾರಣೆ ನೋಡುತ್ತಾರೆ, ವಿದೇಶದಲ್ಲಿರುವ ಮೊಮ್ಮಗುವಿನ ಮುಖ ನೋಡಿ ಮಾತಾಡುತ್ತಾರೆ. ಮತ್ತು ಅವರ ಕೈಯಲ್ಲಿರುವ ಆ್ಯಂಡ್ರಾಯ್ಡ್ ಫೋನು ನಡೆಯುವುದೂ ಲಿನಕ್ಸ್‌ನ ತಿರುಳಿನ ಮೇಲೆಯೇ. ಫೋನನ್ನು ಅವರು ಮನೆಯಲ್ಲಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪಾದರೂ ಚಿಂತೆಯಿಲ್ಲವೆಂಬ ನಿರಾಳದಲ್ಲಿ ಕಲಿತರು. ಕಚೇರಿಯಲ್ಲಿ ಆ ನಿರಾಳವಿಲ್ಲ. ವರ್ಗಾವಣೆ ಪತ್ರದಲ್ಲಿ ಜನ್ಮದಿನಾಂಕ ತಪ್ಪಿದರೆ ಮಗುವಿಗೆ ವರ್ಷಗಟ್ಟಲೆ ಅಲೆದಾಟ, ಗುಮಾಸ್ತೆಗೆ ನೋಟಿಸು. ಹಾಗಿರುವಾಗ ಗೊತ್ತಿಲ್ಲದ ಗುಂಡಿಯನ್ನು ಒತ್ತಿ ನೋಡಲು ಹಿಂಜರಿಯುವುದು ಹೊಣೆಗಾರಿಕೆಯ ಲಕ್ಷಣವೇ ಹೊರತು ದಡ್ಡತನದ್ದಲ್ಲ.

ಇದು ಲಿನಕ್ಸ್ ಒಂದರ ದೋಷವೆಂದು ಹೇಳುವುದೂ ಸರಿಯಲ್ಲ. 2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8, ಎಡಮೂಲೆಯ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿದಾಗ, ವರ್ಷಗಳಿಂದ ವಿಂಡೋಸ್ ಬಳಸುತ್ತಿದ್ದವರೇ ಕಂಪ್ಯೂಟರನ್ನು ಹೇಗೆ ಆಫ್ ಮಾಡಬೇಕೆಂದು ತಿಳಿಯದೆ ಕಂಗಾಲಾದರು. ದೂರುಗಳು ಎಷ್ಟಿದ್ದವೆಂದರೆ ಮರುವರ್ಷವೇ ಬಂದ 8.1 ಆವೃತ್ತಿಯಲ್ಲಿ ಆ ಗುಂಡಿ ಮರಳಿ ಬಂತು. ಜಗತ್ತಿನ ಮೂಲೆ ಮೂಲೆಯ ಬಳಕೆದಾರರು ಒಟ್ಟಾಗಿ ದೂರಿದಾಗ ಅಷ್ಟು ದೊಡ್ಡ ಸಂಸ್ಥೆಯೂ ಕಿವಿಗೊಟ್ಟಿತು. ಒಂದು ಹಳ್ಳಿಯ ಶಾಲೆಯ ಗುಮಾಸ್ತೆ ಒಂಟಿಯಾಗಿ ಯಾರಿಗೆ ದೂರಬೇಕು?

ಈ ಬದಲಾವಣೆಯನ್ನು ಚೆನ್ನಾಗಿ ಮಾಡಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ, ನೆರೆಯ ಕೇರಳವೇ ಇದೆ. ಅಲ್ಲಿ 2001ರ ಸುಮಾರಿಗೆ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಗಿ ರೂಪುಗೊಂಡಿತು. ಸಾರ್ವಜನಿಕ ಶಾಲೆಗಳು ಲಿನಕ್ಸ್‌ನಂಥ ಸ್ವತಂತ್ರ ತಂತ್ರಾಂಶಕ್ಕೆ ಬದಲಾಗಿ ಎಷ್ಟೋ ವರ್ಷಗಳಾದವು; ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ ಎಂಬುದನ್ನು ನಾವು ಗಮನಿಸಬೇಕು. ಅಲ್ಲಿ ಮೊದಲು ಶಿಕ್ಷಕರಿಂದಲೇ ತರಬೇತುದಾರರನ್ನು ಸಿದ್ಧಪಡಿಸಿದರು, ಅವರು ಉಳಿದ ಶಿಕ್ಷಕರಿಗೆ ಕಲಿಸಿದರು, ಶಾಲೆಗಳ ಪಠ್ಯಕ್ಕೂ ಭಾಷೆಗೂ ತಕ್ಕಂತೆ ವ್ಯವಸ್ಥೆಯನ್ನೇ ಮಾರ್ಪಡಿಸಿಕೊಂಡರು, 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಸಂಘಗಳನ್ನೂ ಕಟ್ಟಿದರು. ಹೀಗಾಗಿ ಪರದೆಯ ಮೇಲೆ ಏನಾದರೂ ಅಪರಿಚಿತವಾದದ್ದು ಕಂಡರೆ ಕೇಳಲು ಅದೇ ಶಾಲೆಯಲ್ಲಿ, ಅದೇ ಭಾಷೆಯಲ್ಲಿ ಒಬ್ಬರಿದ್ದಾರೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಕಥೆ ಬೇರೆ ರೀತಿಯದು. 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ತೀರ್ಮಾನಿಸಿದ ಆ ನಗರ, ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಣಯಿಸಿತು. ಅದರ ಹಿಂದೆ ರಾಜಕೀಯವೂ ಇತ್ತೆಂದು ವಾದಿಸುವವರಿದ್ದಾರೆ, ಅದು ಇರಲೂಬಹುದು. ಆದರೆ ಹೊರಗಿನ ಕಚೇರಿಗಳೊಡನೆ ಕಡತ ವಿನಿಮಯ ಮಾಡುವಾಗಿನ ತೊಂದರೆ ಮತ್ತು ಸಿಬ್ಬಂದಿಯ ಅಸಮಾಧಾನ ಅಲ್ಲಿ ವರ್ಷಗಳ ಕಾಲ ಚರ್ಚೆಯಾದ ವಿಷಯಗಳು. ತಜ್ಞರ ತಂಡ, ಹಣ, ಸಮಯ ಎಲ್ಲವೂ ಇದ್ದ ನಗರವೇ ಇದನ್ನು ನಿಭಾಯಿಸಲು ಹೆಣಗಿತೆಂದ ಮೇಲೆ, ಒಂದು ಮಧ್ಯಾಹ್ನದಲ್ಲಿ ವ್ಯವಸ್ಥೆ ಬದಲಿಸಿ ಹೋಗಿಬಿಡುವ ನಮ್ಮ ಪದ್ಧತಿಯಿಂದ ಏನು ನಿರೀಕ್ಷಿಸಬಹುದು?

ಕನ್ನಡದ ತಂತ್ರಾಂಶ ಉತ್ಸಾಹಿಗಳಲ್ಲಿ ನನ್ನ ಮೊದಲ ವಿನಂತಿ. ತಮ್ಮ ಬಿಡುವಿನ ವೇಳೆಯಲ್ಲಿ, ಯಾವ ಪ್ರತಿಫಲವನ್ನೂ ಬಯಸದೆ, ಮೆನುಗಳನ್ನು ಕನ್ನಡಕ್ಕೆ ತಂದವರು, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳನ್ನು ರೂಪಿಸಿದವರು, ಶಾಲೆಗಳಿಗೆ ಹೋಗಿ ಯಂತ್ರಗಳನ್ನು ಸರಿಪಡಿಸಿಕೊಡುವವರು ನಮ್ಮಲ್ಲಿದ್ದಾರೆ. ಅವರ ಉಪಕಾರ ದೊಡ್ಡದು. ಅವರು ದಯವಿಟ್ಟು ಯಂತ್ರವನ್ನು ಮುಟ್ಟುವ ಮೊದಲು ಅದನ್ನು ಬಳಸುವವರ ಒಂದು ದಿನದ ಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಲಿ. ಯಾವ ಕೀಲಿಮಣೆ, ಯಾವ ಹಳೆಯ ಫಾಂಟು, ಯಾವ ಮುದ್ರಕ, ಕಡತ ಯಾರಿಗೆ ಹೋಗುತ್ತದೆ, ಲೆಕ್ಕಪತ್ರದ ಟ್ಯಾಲಿಯಂತೆ ವಿಂಡೋಸ್‌ಗೆಂದೇ ಸಿದ್ಧವಾದ ತಂತ್ರಾಂಶ ಬೇಕೇ, ಡಿಜಿಟಲ್ ಸಹಿಯ ಟೋಕನ್ ಇದೆಯೇ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಕೆಲವೊಮ್ಮೆ, ಈ ಕಚೇರಿಗೆ ಈ ಬದಲಾವಣೆ ಸದ್ಯಕ್ಕೆ ಬೇಡ ಎಂದು ಪ್ರಾಮಾಣಿಕವಾಗಿ ಹೇಳಬೇಕಾಗಿ ಬರಬಹುದು. ಬದಲಿಸುವುದೇ ಆದರೆ ಹಳೆಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಸಾಧ್ಯವಿರುವ ಕಡೆ ಹಳೆಯ ವ್ಯವಸ್ಥೆಯನ್ನು ಇಂಟರ್‌ನೆಟ್ ಸಂಪರ್ಕ ಕೊಡದೆ ಕೆಲವು ತಿಂಗಳು ಪಕ್ಕದಲ್ಲೇ ಉಳಿಸಿಕೊಂಡರೆ, ತುರ್ತಿಗೆ ಮರಳಲು ದಾರಿಯಿದೆ ಎಂಬ ಧೈರ್ಯದಲ್ಲಿ ಜನ ಹೊಸದನ್ನು ಬೇಗ ಕಲಿಯುತ್ತಾರೆ. ಒಂದು ವಾರದ ನಂತರ ಮತ್ತೊಮ್ಮೆ ಬಂದು ನೋಡುವುದಂತೂ ಆಗಲೇಬೇಕು, ಏಕೆಂದರೆ ನಿಜವಾದ ಪ್ರಶ್ನೆಗಳು ಹುಟ್ಟುವುದು ಕೆಲಸ ಶುರುವಾದ ಮೇಲೆ.

ಸರ್ಕಾರದ ಹೊಣೆಯೂ ಇದೆ. ರಾಜ್ಯದ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು 2012ರಿಂದ ನಿಯಮವಿದೆ. ಆ ಪರೀಕ್ಷೆ ಒಂದು ನಿರ್ದಿಷ್ಟ ವ್ಯವಸ್ಥೆಯ ಮೆನುಗಳ ಪರಿಚಯವನ್ನು ಮೀರಿ, ಕಡತವೆಂದರೇನು, ಅದರ ಮಾದರಿ ಎಂದರೇನು, ಯೂನಿಕೋಡಿಗೂ ಹಳೆಯ ಫಾಂಟಿಗೂ ಏನು ವ್ಯತ್ಯಾಸ ಎಂಬ ತಿಳಿವಳಿಕೆಯನ್ನು ಅಳೆಯುವಂತಾದರೆ, ಯಾವ ಯಂತ್ರ ಎದುರಾದರೂ ನೌಕರರು ತಡವರಿಸುವುದು ಕಡಿಮೆಯಾದೀತು. ಮೇಲಿನ ಕಚೇರಿಗಳು ನಮೂನೆಗಳನ್ನು ಯೂನಿಕೋಡಿನಲ್ಲಿ, ಎಲ್ಲ ಯಂತ್ರಗಳಲ್ಲೂ ಸಿಗುವ ಮುಕ್ತ ಫಾಂಟಿನಲ್ಲಿ ಹೊರಡಿಸಲಿ. ಬೇರೆ ತಂತ್ರಾಂಶದಲ್ಲಿ ತುಂಬಿದ ಕಾರಣಕ್ಕೆ ಸಾಲು ಪಲ್ಲಟವಾಗಿದ್ದರೆ ಅರ್ಜಿಯನ್ನು ತಿರಸ್ಕರಿಸದಿರಲಿ. ಕೀಲಿಮಣೆ ಹೊಂದಿಸುವುದು, ಹಳೆಯ ನುಡಿ ಕಡತ ಓದುವುದು, ಪೆನ್‌ಡ್ರೈವ್ ತೆಗೆಯುವುದು, ವರ್ಡ್ ಮಾದರಿಯಲ್ಲೇ ಉಳಿಸುವುದು ಇಷ್ಟನ್ನು ಚಿತ್ರಗಳ ಸಹಿತ ತಿಳಿಸುವ, ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಒಂದು ಸಣ್ಣ ಮುದ್ರಿತ ಕೈಪಿಡಿಯನ್ನು ಕನ್ನಡದಲ್ಲಿ ತರುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಅಂತರ್ಜಾಲದಲ್ಲಿ ಎಲ್ಲವೂ ಇದೆ ಎನ್ನುವವರು, ಕಂಪ್ಯೂಟರೇ ಅರ್ಥವಾಗದೆ ಕುಳಿತವರು ಅದನ್ನು ಅದೇ ಕಂಪ್ಯೂಟರಿನಲ್ಲಿ ಹೇಗೆ ಹುಡುಕಬೇಕೆಂದು ಯೋಚಿಸಬೇಕು.

ಕೊನೆಯದಾಗಿ, ಶಾಲೆಗಳಿಗೆ ಸಂಬಂಧಿಸಿದ ಒಂದು ತುರ್ತು ವಿಷಯ. ಮೇ, ಜೂನ್ ತಿಂಗಳುಗಳು ದಾಖಲಾತಿ ಮತ್ತು ವರ್ಗಾವಣೆ ಪತ್ರಗಳ ಕಾಲ. ಬೇಸಿಗೆ ರಜೆಯಲ್ಲಿ ಯಂತ್ರಗಳು ಖಾಲಿ ಇರುತ್ತವೆಂದು ಆಗಲೇ ವ್ಯವಸ್ಥೆ ಬದಲಿಸುವ ರೂಢಿ ಬೆಳೆದರೆ, ಹೊಸದರ ಪರಿಚಯವಾಗುವ ಮೊದಲೇ ವರ್ಷದ ಅತಿ ಹೆಚ್ಚಿನ ಕೆಲಸ ಸಿಬ್ಬಂದಿಯ ಮೇಲೆ ಬೀಳುತ್ತದೆ. ದಸರಾ ರಜೆಯ ನಂತರದ ದಿನಗಳು ಇದಕ್ಕೆ ಹೆಚ್ಚು ಅನುಕೂಲ. ಕಚೇರಿಯ ಯಂತ್ರಗಳನ್ನು ಬಳಸುವ ಸಿಬ್ಬಂದಿಯ ಲಿಖಿತ ಅಭಿಪ್ರಾಯ ಪಡೆದು, ಅವರಿಗೆ ಕನಿಷ್ಠ ಎರಡು ದಿನದ ತರಬೇತಿ ಕೊಡಿಸಿದ ಮೇಲೆಯೇ ಬದಲಾವಣೆ ಮಾಡಬೇಕೆಂದು ಶಾಲಾ ಶಿಕ್ಷಣ ಇಲಾಖೆ ಎಲ್ಲ ಆಡಳಿತ ಮಂಡಳಿಗಳಿಗೂ ಒಂದು ಸುತ್ತೋಲೆ ಹೊರಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಸಾಗರ, ಶಿವಮೊಗ್ಗ ಜಿಲ್ಲೆ